ಕಂಕುಳಿನಲ್ಲೊಂದು ಗಂಟು: ಹೆದರುವುದೂ ಬೇಡ, ಮುಚ್ಚಿಡುವುದೂ ಬೇಡ

ಸ್ನಾನ ಮಾಡುವಾಗಲೋ ಬಟ್ಟೆ ಬದಲಿಸುವಾಗಲೋ ಕಂಕುಳಿನಲ್ಲಿ ಅವರೆಕಾಳಿನಷ್ಟು ಗಾತ್ರದ ಗಂಟೊಂದು ನಿಮ್ಮ ಬೆರಳಿಗೆ ತಗಲಿತೆಂದು ಇಟ್ಟುಕೊಳ್ಳಿ. ಆಗ ನೀವೇನು ಮಾಡುತ್ತೀರಿ? ಕೆಲವರು ಅಂದೇ ರಾತ್ರಿಯಿಂದ ಇದು ಕ್ಯಾನ್ಸರೇ ಎಂದು ತೀರ್ಮಾನಿಸಿ ನಿದ್ದೆಗೆಡುತ್ತಾರೆ. ಮಕ್ಕಳ ಮುಖ ನೋಡಿ ಕಣ್ಣೀರಿಡುತ್ತಾರೆ. ಇನ್ನು ಕೆಲವರು ಗಂಡನಿಗೂ ಹೇಳದೆ, ತಾಯಿಗೂ ಹೇಳದೆ, 'ಉಷ್ಣದ ಗಂಟು, ತಾನಾಗಿ ಹೋಗುತ್ತದೆ' ಎಂದು ಸೆರಗಿನೊಳಗೆ ಮುಚ್ಚಿಟ್ಟು ತಿಂಗಳುಗಟ್ಟಲೆ ಕಳೆಯುತ್ತಾರೆ. ಮೊದಲನೆಯವರ ಭಯಕ್ಕೆ ಹೆಚ್ಚಿನ ಸಲ ಕಾರಣವಿರುವುದಿಲ್ಲ. ಎರಡನೆಯವರ ಮೌನಕ್ಕೆ ಮಾತ್ರ ಕೆಲವೊಮ್ಮೆ ದೊಡ್ಡ ಬೆಲೆ ತೆರಬೇಕಾಗುತ್ತದೆ.

ನಾನು ವೈದ್ಯೆಯಲ್ಲ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ಮಕ್ಕಳನ್ನು ಬಿಡಲು ಬರುವ ತಾಯಂದಿರು ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ವೈದ್ಯರಲ್ಲಿ ಕೇಳಲು ನಾಚುವ ಈ ಪ್ರಶ್ನೆಯ ಬಗ್ಗೆ ನಮಗೆಲ್ಲ ಒಂದಿಷ್ಟು ತಿಳಿದಿರಲಿ ಎಂದು ಈ ಬರಹ.

ಆ ಗಂಟು ನಿಜವಾಗಿ ಏನು?

ನಮ್ಮ ದೇಹದಲ್ಲಿ ರಕ್ತನಾಳಗಳಿರುವಂತೆಯೇ ಇನ್ನೊಂದು ನಾಳವ್ಯೂಹವಿದೆ. ರಕ್ತನಾಳಗಳಿಂದ ಜಿನುಗಿ ಜೀವಕೋಶಗಳ ನಡುವೆ ಉಳಿದುಬಿಟ್ಟ ನೀರಿನಂಥ ದ್ರವವನ್ನು ಅದು ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತದೆ. ಇದಕ್ಕೆ ದುಗ್ಧರಸ ಎನ್ನುತ್ತಾರೆ. ದಿನವೊಂದಕ್ಕೆ ಸುಮಾರು 3 ಲೀಟರ್‌ನಷ್ಟು ದ್ರವ ಹೀಗೆ ಹಿಂದಿರುಗುತ್ತದೆ. ಈ ದಾರಿಯಲ್ಲಿ ಅಲ್ಲಲ್ಲಿ ಹುರುಳಿಕಾಳಿನಂಥ ಸಣ್ಣ ಸಣ್ಣ ಗ್ರಂಥಿಗಳಿವೆ. ಅವೇ ದುಗ್ಧಗ್ರಂಥಿಗಳು. ಆಸ್ಪತ್ರೆಯಲ್ಲಿ ಲಿಂಫ್ ನೋಡ್ ಎನ್ನುವುದು ಇವನ್ನೇ. ದೇಹದಲ್ಲಿ ಒಟ್ಟು ಸುಮಾರು 600 ಇವೆ. ಒಂದೊಂದು ಕಂಕುಳಿನಲ್ಲೇ 20ರಿಂದ 30ರವರೆಗೆ ಇರುತ್ತವೆ.

ಊರಿನ ಹೆಬ್ಬಾಗಿಲಲ್ಲಿರುವ ಚೌಕಿಯಂತೆ ಇವುಗಳ ಕೆಲಸ. ಕೈ, ತೋಳು, ಸ್ತನ, ಎದೆ ಮತ್ತು ಬೆನ್ನಿನ ಮೇಲ್ಭಾಗ, ಇಷ್ಟೂ ಕಡೆಯಿಂದ ಬರುವ ದುಗ್ಧರಸ ಕಂಕುಳಿನ ಚೌಕಿಯನ್ನು ದಾಟಬೇಕು. ಸ್ತನದ ದುಗ್ಧರಸದ ಸುಮಾರು ಮುಕ್ಕಾಲು ಪಾಲು ಇಲ್ಲಿಗೇ ಬರುತ್ತದೆ. ರೋಗಾಣು ಬಂದರೆ ಇಲ್ಲಿನ ಬಿಳಿ ರಕ್ತಕಣಗಳು ಅದನ್ನು ಹಿಡಿದು, ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಂಡು ಹೋರಾಡುತ್ತವೆ. ಆಗ ಗ್ರಂಥಿ ಊದಿಕೊಳ್ಳುತ್ತದೆ, ನೋಯುತ್ತದೆ. ಅಂದರೆ ಊದಿಕೊಂಡ ಗ್ರಂಥಿ ತಾನೇ ಒಂದು ರೋಗವಲ್ಲ. ಎಲ್ಲೋ ಏನೋ ನಡೆದಿದೆ ಎಂಬ ಸುದ್ದಿ ಅದು. ಆ ಸುದ್ದಿ ಎಲ್ಲಿಂದ ಬಂತೆಂದು ಹುಡುಕುವುದೇ ನಮ್ಮ ಮತ್ತು ವೈದ್ಯರ ಕೆಲಸ.

ಮೊದಲು ಕೈ ನೋಡಿಕೊಳ್ಳಿ

ಕಂಕುಳು ನೋಯುತ್ತಿದ್ದರೆ ಮೊದಲು ಅದೇ ಬದಿಯ ಬೆರಳುಗಳನ್ನು ನೋಡಿ. ಮೀನು ಹೆಚ್ಚುವಾಗ ಮುಳ್ಳು ಚುಚ್ಚಿತ್ತೇ? ಬೀಡಿ ಎಲೆ ಕತ್ತರಿಸುವಾಗ ಕತ್ತರಿ ತಾಗಿತ್ತೇ? ಉಗುರುಸುತ್ತು ಆಗಿದೆಯೇ? ಮದುವೆಗೆಂದು ಹಾಕಿಸಿಕೊಂಡ ಕಪ್ಪು ಮೆಹೆಂದಿ ಅಲರ್ಜಿಯಾಗಿ ಗುಳ್ಳೆ ಎದ್ದು, ಒಡೆದು, ಕೀವಾಗಿದೆಯೇ? (ಅಪ್ಪಟ ಮದರಂಗಿ ಕೆಂಪು ಬಣ್ಣವನ್ನೇ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಪ್ಪಾಗುವುದು ಅದಕ್ಕೆ ಬೆರೆಸಿದ ಕೂದಲು ಬಣ್ಣದ ರಾಸಾಯನಿಕದಿಂದ. ಇದನ್ನು ನಮ್ಮ ಮದುವೆ ಮನೆಗಳಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ!) ಮನೆಯ ಬೆಕ್ಕು ಪರಚಿದ್ದರೂ ಹೀಗಾಗುತ್ತದೆ. ಬೆಕ್ಕಿನ ಪರಚುಗಾಯದಿಂದ ಬರುವ ಒಂದು ಸೋಂಕಿನಲ್ಲಿ ಗಾಯ ಮಾಯ್ದು, ಮರೆತೂ ಹೋಗಿ, ಒಂದರಿಂದ ಮೂರು ವಾರಗಳ ಬಳಿಕ ಕಂಕುಳಿನ ಗ್ರಂಥಿ ಊದಿಕೊಳ್ಳುತ್ತದೆ. ಹಾಗಾಗಿ ಮಗುವಿನ ಕಂಕುಳಿನಲ್ಲಿ ಗಂಟು ಕಂಡರೆ ವೈದ್ಯರಿಗೆ ಬೆಕ್ಕಿನ ವಿಷಯ ಹೇಳಲು ಮರೆಯಬೇಡಿ.

ಇಂಥ ಗಂಟುಗಳು ಸಾಮಾನ್ಯವಾಗಿ ಮೆತ್ತಗಿದ್ದು, ಮುಟ್ಟಿದರೆ ನೋಯುತ್ತವೆ, ಬೆರಳಿನಡಿ ಜಾರುತ್ತವೆ. ಮೂಲದ ಗಾಯ ವಾಸಿಯಾದ ಮೇಲೆ ಎರಡು ಮೂರು ವಾರಗಳಲ್ಲಿ ಕುಗ್ಗುತ್ತವೆ. ಜ್ವರ ಬಂದರೆ, ಗಂಟಿನ ಮೇಲಿನ ಚರ್ಮ ಕೆಂಪಾಗಿ ಬಿಸಿಯಾದರೆ, ಗಾಯದಿಂದ ಕಂಕುಳಿನ ಕಡೆಗೆ ಕೆಂಪು ಗೆರೆ ಏರಿದರೆ ಕಾಯದೆ ಅಂದೇ ವೈದ್ಯರಲ್ಲಿ ಹೋಗಬೇಕು. ಮಧುಮೇಹವಿರುವವರಂತೂ ಕೈಯ ಸಣ್ಣ ಗಾಯವನ್ನೂ ಸಣ್ಣದೆಂದು ಭಾವಿಸಬಾರದು.

ಇನ್ನು ಕಂಕುಳಿನ ರೋಮದ ವಿಷಯ. ಇದನ್ನು ನಿವಾರಿಸುವುದು ಪ್ರವಾದಿಚರ್ಯೆ. ನಲ್ವತ್ತು ದಿನಗಳಿಗಿಂತ ಹೆಚ್ಚು ಬಿಡಬಾರದೆಂದು ನಮಗೆ ಕಲಿಸಲಾಗಿದೆ. ನಿವಾರಿಸುವ ಕ್ರಮದಲ್ಲಿ ಅಜಾಗ್ರತೆ ಸೇರಿಕೊಂಡರೆ ಮಾತ್ರ ತೊಂದರೆ. ಮನೆಯ ನಾಲ್ಕು ಹೆಂಗಸರಿಗೆ ಒಂದೇ ಬ್ಲೇಡು, ಅದೂ ಬಚ್ಚಲಿನ ಗೂಡಿನಲ್ಲಿ ತುಕ್ಕು ಹಿಡಿದದ್ದು! ಒಣ ಚರ್ಮದ ಮೇಲೆ ಅದನ್ನು ಎಳೆದರೆ ರೋಮದ ಬುಡದಲ್ಲಿ ಸಣ್ಣ ಗಾಯವಾಗಿ ಕುರು ಏಳುತ್ತದೆ, ಗ್ರಂಥಿಯೂ ಊದುತ್ತದೆ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಬಾರದು. ಚರ್ಮವನ್ನು ಬೆಚ್ಚಗಿನ ನೀರು, ಸೋಪಿನಿಂದ ಮೆತ್ತಗೆ ಮಾಡಿಕೊಳ್ಳಬೇಕು. ಕುರು ಇರುವಾಗ ಆ ಜಾಗವನ್ನು ಮುಟ್ಟಬಾರದು.

ಕೆಲವು ಹೆಣ್ಣುಮಕ್ಕಳಿಗೆ ಪ್ರಾಯಕ್ಕೆ ಬಂದಂದಿನಿಂದ ಕಂಕುಳಿನಲ್ಲಿ ಮತ್ತೆ ಮತ್ತೆ ಕುರು ಎದ್ದು, ಒಡೆದು, ಕಲೆ ಉಳಿಯುತ್ತದೆ. ಅದು ಕೊಳಕಿನಿಂದ ಬಂದದ್ದಲ್ಲ, ಅಂಟುರೋಗವೂ ಅಲ್ಲ. ಚರ್ಮರೋಗ ತಜ್ಞರಲ್ಲಿ ಅದಕ್ಕೆ ಚಿಕಿತ್ಸೆಯಿದೆ. 'ಸರಿಯಾಗಿ ಸ್ನಾನ ಮಾಡುವುದಿಲ್ಲ' ಎಂದು ಆ ಹುಡುಗಿಯನ್ನು ಬೈಯುವುದನ್ನು ದಯವಿಟ್ಟು ನಿಲ್ಲಿಸಿ.

ಬಾಣಂತಿ ಮತ್ತು ಹಸುಗೂಸು

ಹೆರಿಗೆಯಾದ ಮೂರು ನಾಲ್ಕನೆಯ ದಿನ ಎದೆಹಾಲು ತುಂಬಿಕೊಳ್ಳುವಾಗ ಕೆಲವು ಬಾಣಂತಿಯರ ಕಂಕುಳಿನಲ್ಲಿ ನಿಂಬೆಹಣ್ಣಿನಷ್ಟು ಊತ ಕಾಣಿಸಿಕೊಳ್ಳುತ್ತದೆ. ಅದು ಗ್ರಂಥಿಯಲ್ಲ. ಕೆಲವರಿಗೆ ಹುಟ್ಟಿನಿಂದಲೇ ಕಂಕುಳಿನಲ್ಲಿ ಸ್ವಲ್ಪ ಸ್ತನದ ಅಂಗಾಂಶ ಇರುತ್ತದೆ. ಅದೂ ಹಾಲು ತುಂಬಿಕೊಂಡು ಉಬ್ಬುತ್ತದೆ. ಇಂಥವರಿಗೆ ಪ್ರತಿ ತಿಂಗಳು ಮುಟ್ಟಿನ ಮೊದಲು ಆ ಜಾಗ ಭಾರವಾಗಿ ನೋಯುವುದೂ ಉಂಟು. ತಣ್ಣೀರಿನ ಬಟ್ಟೆ ಇಟ್ಟು, ಮಗುವಿಗೆ ಹಾಲೂಡಿಸುತ್ತಾ ಇದ್ದರೆ ತಾನಾಗಿ ಇಳಿಯುತ್ತದೆ. ಹಿಂಡಬಾರದು, ತಿಕ್ಕಬಾರದು. ಆದರೆ ಸ್ತನವೇ ಕೆಂಪಾಗಿ, ಚಳಿಜ್ವರ ಬಂದು, ಕಂಕುಳಿನಲ್ಲೂ ಗಂಟಾದರೆ ಅದು ಸ್ತನದ ಸೋಂಕು, ಔಷಧ ಬೇಕು. ಆಗಲೂ ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಹಸುಗೂಸಿನ ಎಡ ಕಂಕುಳಿನಲ್ಲಿ ಗಂಟು ಕಂಡರೆ ಒಂದು ವಿಷಯ ನೆನಪಿಡಿ. ಹುಟ್ಟಿದ ಕೂಡಲೇ ಎಡತೋಳಿಗೆ ಬಿ.ಸಿ.ಜಿ. ಚುಚ್ಚುಮದ್ದು ಕೊಟ್ಟಿರುತ್ತಾರೆ. ಅದಾದ ಆರು ತಿಂಗಳೊಳಗೆ ಕೆಲವು ಮಕ್ಕಳಿಗೆ ಅದೇ ಬದಿಯ ಕಂಕುಳಿನಲ್ಲಿ ಗ್ರಂಥಿ ಊದುತ್ತದೆ. ಮಗುವಿಗೆ ಜ್ವರವಿಲ್ಲ, ಹಾಲು ಕುಡಿಯುತ್ತದೆ, ತೂಕ ಏರುತ್ತಿದೆ ಎಂದಾದರೆ ಅದು ಹೆಚ್ಚಾಗಿ ತಾನಾಗಿಯೇ ಕರಗುತ್ತದೆ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿಡಿ. ಗಂಟು ಮೆತ್ತಗಾಗಿ ಕೀವು ತುಂಬಿದಂತಿದ್ದರೆ ಅವರು ಸೂಜಿಯಿಂದ ತೆಗೆಯುತ್ತಾರೆ. ಅಜ್ಜಿಯಂದಿರು ಬಿಸಿ ಶಾಖ ಕೊಡುವುದಾಗಲಿ, ಸುಣ್ಣ-ಬೆಲ್ಲ ಮೆತ್ತುವುದಾಗಲಿ, ಗೇರುಬೀಜದ ಎಣ್ಣೆಯಿಂದ ಸುಡುವುದಾಗಲಿ ಖಂಡಿತ ಬೇಡ. ಗೇರೆಣ್ಣೆ ದೊಡ್ಡವರ ಚರ್ಮವನ್ನೇ ಸುಡುತ್ತದೆ, ಕೂಸಿನ ಗತಿಯೇನು?

2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡಾಗಲೂ ಕೆಲವರಿಗೆ ಚುಚ್ಚಿದ ಬದಿಯ ಕಂಕುಳಿನಲ್ಲಿ ಗಂಟು ಕಾಣಿಸಿಕೊಂಡು ಕೆಲವು ವಾರಗಳಲ್ಲಿ ಇಳಿದುಹೋಗಿತ್ತು. ಲಸಿಕೆಗೆ ದೇಹ ಸ್ಪಂದಿಸುತ್ತಿರುವುದರ ಗುರುತು ಅದು.

ಕ್ಷಯ: ನಾಲಗೆಗೆ ಬಾರದ ಹೆಸರು

ಕ್ಷಯ ಎಂದರೆ ಕೆಮ್ಮು ಮತ್ತು ರಕ್ತ ಎಂದಷ್ಟೇ ನಾವು ತಿಳಿದಿದ್ದೇವೆ. ಶ್ವಾಸಕೋಶದ ಹೊರಗೆ ಬರುವ ಕ್ಷಯದಲ್ಲಿ ನಮ್ಮ ದೇಶದಲ್ಲಿ ಬಹಳ ಸಾಮಾನ್ಯವಾದದ್ದು ದುಗ್ಧಗ್ರಂಥಿಯ ಕ್ಷಯ. ಹೆಚ್ಚಾಗಿ ಕುತ್ತಿಗೆಯಲ್ಲಿ, ಕೆಲವೊಮ್ಮೆ ಕಂಕುಳಿನಲ್ಲಿ. ನಿಧಾನವಾಗಿ ಬೆಳೆಯುತ್ತದೆ, ಅಷ್ಟಾಗಿ ನೋಯುವುದಿಲ್ಲ, ಒಂದಕ್ಕೊಂದು ಅಂಟಿಕೊಂಡ ಗೊಂಚಲಿನಂತಾಗುತ್ತದೆ, ಕೆಲವೊಮ್ಮೆ ಒಡೆದು ವಾಸಿಯಾಗದ ಹುಣ್ಣಾಗುತ್ತದೆ. ಜೊತೆಗೆ ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇರಬಹುದು, ಇಲ್ಲದೆಯೂ ಇರಬಹುದು.

ಇಲ್ಲಿ ರೋಗಕ್ಕಿಂತ ಹೆಸರೇ ಹೆಚ್ಚು ಕಾಡುತ್ತದೆ. ಸೊಸೆಗೆ ಟಿ.ಬಿ. ಎಂದು ತಿಳಿದ ಕೂಡಲೇ ತಟ್ಟೆ ಲೋಟ ಬೇರೆ ಮಾಡಿ, ಕೊನೆಗೆ ತವರಿಗೆ ಕಳುಹಿಸಿಬಿಡುವ ಮನೆಗಳು ನಮ್ಮ ನಡುವೆ ಇವೆ. ಇದು ಅನ್ಯಾಯ, ಅಜ್ಞಾನವೂ ಹೌದು. ಕ್ಷಯ ಗ್ರಂಥಿಯಲ್ಲಿ ಮಾತ್ರ ಇದ್ದು ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಅದು ಉಸಿರಿನಿಂದ, ತಟ್ಟೆಯಿಂದ, ಹಾಸಿಗೆಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಯಲ್ಲಿ ಪೂರ್ತಿ ಗುಣವಾಗುತ್ತದೆ. ಪರೀಕ್ಷೆ, ಔಷಧ ಎರಡೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ.

ಮಾತ್ರೆ ಸೇವಿಸುವ ಸಹೋದರಿಯರು ಮೂರು ವಿಷಯ ತಿಳಿದಿರಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಮಾತ್ರೆಯಿಂದ, ರಕ್ತದಿಂದಲ್ಲ. ಚಿಕಿತ್ಸೆ ಶುರುವಾದ ಮೇಲೂ ಗಂಟು ಕೆಲವೊಮ್ಮೆ ಇನ್ನಷ್ಟು ಊದಬಹುದು. ಔಷಧ ಹಿಡಿಯಲಿಲ್ಲವೆಂದು ನಿಲ್ಲಿಸಿಬಿಡದೆ ವೈದ್ಯರಿಗೆ ತೋರಿಸಿ. ಇನ್ನು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕ್ಷಯದ ಮಾತ್ರೆ ಅದರ ಪರಿಣಾಮವನ್ನು ಕುಂದಿಸುತ್ತದೆ, ಇದನ್ನು ಮೊದಲೇ ವೈದ್ಯರಿಗೆ ಹೇಳಿರಬೇಕು. ಎರಡು ತಿಂಗಳಲ್ಲಿ ಗಂಟು ಕರಗಿತೆಂದು ಮಾತ್ರೆ ಬಿಟ್ಟವರಿಗೆ ರೋಗ ಹಿಂದಿರುಗುತ್ತದೆ, ಆಗ ಅದನ್ನು ಹಿಡಿಯುವುದು ಕಷ್ಟ.

ನೋವಿಲ್ಲದ ಗಂಟು

ನಮ್ಮ ಹೆಂಗಸರ ತಿಳುವಳಿಕೆಯಲ್ಲಿ ಒಂದು ದೊಡ್ಡ ತಪ್ಪಿದೆ. 'ನೋವೇ ಇಲ್ಲವಲ್ಲ, ಏನೂ ಇರಲಿಕ್ಕಿಲ್ಲ' ಎನ್ನುತ್ತಾರೆ. ಕಂಕುಳಿನ ವಿಷಯದಲ್ಲಿ ಲೆಕ್ಕ ಬೇರೆ. ನೋಯುವ ಗಂಟು ಬಹುತೇಕ ಸೋಂಕಿನದು. ನೋಯದ, ಕಲ್ಲಿನಂತೆ ಗಟ್ಟಿಯಾದ, ಬೆರಳಿಗೆ ಜಾರದೆ ಒಳಗೆ ಅಂಟಿಕೊಂಡಂತಿರುವ, ವಾರ ವಾರಕ್ಕೂ ದೊಡ್ಡದಾಗುವ ಗಂಟನ್ನೇ ಬೇಗ ತೋರಿಸಬೇಕು. ಕಾರಣ ತಿಳಿಯದೆ ಎರಡು ಮೂರು ವಾರ ಉಳಿದ ಯಾವ ಗಂಟನ್ನೂ ತೋರಿಸಬೇಕು. ನೋವಿದೆ, ಮೆತ್ತಗಿದೆ ಎಂಬ ಧೈರ್ಯದಿಂದಲೂ ತಡ ಮಾಡುವಂತಿಲ್ಲ, ಏಕೆಂದರೆ ಬೆರಳಿನ ಸ್ಪರ್ಶದಿಂದಷ್ಟೇ ವೈದ್ಯರೂ ಖಚಿತವಾಗಿ ಹೇಳಲಾರರು.

ಸ್ತನ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಮುಟ್ಟುವುದು ಕಂಕುಳಿನ ಗ್ರಂಥಿಗಳನ್ನು. ಕೆಲವೊಮ್ಮೆ ಸ್ತನದಲ್ಲಿ ಏನೂ ಕೈಗೆ ಸಿಗದೆ ಕಂಕುಳಿನ ಗಂಟೇ ಮೊದಲ ಗುರುತಾಗಿರುತ್ತದೆ. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಇಷ್ಟೊಂದು ಸಾವಿಗೆ ತಡವಾಗಿ ಆಸ್ಪತ್ರೆಗೆ ಬರುವುದು ಒಂದು ದೊಡ್ಡ ಕಾರಣ. ದುಗ್ಧಗ್ರಂಥಿಗಳದ್ದೇ ಆದ ಲಿಂಫೋಮ ಎಂಬ ಕ್ಯಾನ್ಸರೂ ಇದೆ. ಅದರಲ್ಲಿ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಗಂಟುಗಳು ಕಾಣಿಸಿಕೊಂಡು, ಹಾಸಿಗೆ ಒದ್ದೆಯಾಗುವಷ್ಟು ರಾತ್ರಿ ಬೆವರಬಹುದು.

ನಾನು ಬಲ್ಲ ಒಬ್ಬ ತಾಯಿ ಕಂಕುಳಿನ ಗಂಟನ್ನು ಎಂಟು ತಿಂಗಳು ಮುಚ್ಚಿಟ್ಟರು. ಮಗಳ ನಿಕಾಹ್ ಮುಗಿಯಲಿ ಎಂಬುದು ಮೊದಲ ಕಾರಣ. ಗಂಡಸು ವೈದ್ಯರಿಗೆ ಹೇಗೆ ತೋರಿಸಲಿ ಎಂಬುದು ಎರಡನೆಯದು. ನಿಕಾಹ್‌ನ ದಿನ ಅವರಿಗೆ ಬಲಗೈ ಮೇಲೆತ್ತಿ ಮಗಳ ತಲೆಗೆ ಹೂ ಮುಡಿಸಲಾಗಲಿಲ್ಲ. ಆಗ ನಾದಿನಿ ಹಿಡಿದು ಕೇಳಿದ ಮೇಲೆ ವಿಷಯ ಹೊರಬಿತ್ತು. ಚಿಕಿತ್ಸೆಯೇನೋ ನಡೆಯಿತು. ಮೊದಲೇ ಬಂದಿದ್ದರೆ ಇಷ್ಟು ದೊಡ್ಡ ಶಸ್ತ್ರಕ್ರಿಯೆ ಬೇಕಿರಲಿಲ್ಲವೆಂದು ವೈದ್ಯರು ಹೇಳಿದರಂತೆ.

ಲಜ್ಜೆ ನಮ್ಮ ವಿಶ್ವಾಸದ ಭಾಗ, ನಿಜ. ಆದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ನೀಡಿದ ಆದೇಶವೂ ಅದೇ ವಿಶ್ವಾಸದ ಭಾಗ. ಮಹಿಳಾ ವೈದ್ಯರು ಸಿಗುವುದಾದರೆ ಅವರಲ್ಲೇ ಹೋಗಿ. ಸಿಗದಿದ್ದರೆ ಅನಿವಾರ್ಯವಿರುವಷ್ಟು ಭಾಗವನ್ನು ಪುರುಷ ವೈದ್ಯರಿಗೆ ತೋರಿಸಲು ನಮ್ಮ ವಿದ್ವಾಂಸರು ಅನುಮತಿಸಿದ್ದಾರೆ. ನರ್ಸ್ ಅಥವಾ ನಿಮ್ಮ ಮನೆಯ ಹೆಂಗಸೊಬ್ಬರು ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ಕಂಕುಳಿನ ಪರೀಕ್ಷೆಗೆ ಒಂದು ಶಾಲು ಹೊದ್ದು ಒಂದು ಬದಿಯನ್ನಷ್ಟೇ ತೆರೆದರೂ ಸಾಕಾಗುತ್ತದೆ. ದಮ್ ಮಾಡಿದ ನೀರು ಕುಡಿಯುವವರು ಕುಡಿಯಲಿ, ದುಆ ಮಾಡುವವರು ಮಾಡಲಿ, ನಾನೂ ಮಾಡುತ್ತೇನೆ. ಆದರೆ ಅದನ್ನೇ ನೆಪ ಮಾಡಿ ಆಸ್ಪತ್ರೆಯನ್ನು ಮುಂದೂಡಿಸುವವರ ಮಾತನ್ನು ಕೇಳಬೇಡಿ.

ಹತ್ತನೆಯ ಶತಮಾನದಲ್ಲಿ ಅಂದಲೂಸಿನ ಕುರ್ತುಬಾದಲ್ಲಿದ್ದ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ 'ಕಿತಾಬುತ್ತಸ್ರೀಫ್' ಗ್ರಂಥದಲ್ಲಿ ಈ ರೋಗದ ಬಗ್ಗೆ ಬರೆದಿದ್ದಾರೆ. ಗಂಟು ಚಿಕ್ಕದಿರುವಾಗ, ಆರಂಭದಲ್ಲೇ ಪೂರ್ತಿ ಕತ್ತರಿಸಿ ತೆಗೆಯಬೇಕು, ಹಳೆಯದಾಗಿ ದೊಡ್ಡದಾದ ಮೇಲೆ ಕೈಹಚ್ಚಿ ಪ್ರಯೋಜನವಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಇಂದು ಹಳೆಯದಾದ ಗಂಟಿಗೂ ಚಿಕಿತ್ಸೆಯಿದೆ. ಆದರೆ ಬೇಗ ಬಂದವರಿಗೆ ಹೆಚ್ಚು ಲಾಭ ಎಂಬ ಲೆಕ್ಕ ಇಂದಿಗೂ ಬದಲಾಗಿಲ್ಲ.

ನೋಡಿಕೊಳ್ಳುವ ಕ್ರಮ

ತಿಂಗಳಿಗೊಮ್ಮೆ ಮುಟ್ಟು ಮುಗಿದು ಗುಸ್ಲ್ ಮಾಡುವ ದಿನ ಇದಕ್ಕೆ ಒಳ್ಳೆಯ ದಿನ. ಆಗ ಸ್ತನ ಮೆತ್ತಗಿರುತ್ತದೆ, ನೋವಿರುವುದಿಲ್ಲ. ಹೆಚ್ಚಿನವರು ತೋಳನ್ನು ಮೇಲೆತ್ತಿ ಕಂಕುಳು ನೋಡುತ್ತಾರೆ. ತೋಳೆತ್ತಿದರೆ ಚರ್ಮ ಬಿಗಿದು ಒಳಗಿನದು ಕೈಗೆ ಸಿಗುವುದಿಲ್ಲ. ತೋಳನ್ನು ಸಡಿಲವಾಗಿ ಇಳಿಬಿಟ್ಟು, ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳ ಒಳಮೈಯನ್ನು ಕಂಕುಳಿನ ಗುಳಿಯಲ್ಲಿ ಮೇಲಕ್ಕೊಯ್ದು, ಪಕ್ಕೆಲುಬಿನ ಮೇಲೆ ಮೆಲ್ಲಗೆ ಒತ್ತುತ್ತಾ ಕೆಳಕ್ಕೆ ತರಬೇಕು. ಎರಡೂ ಬದಿ ನೋಡಿ ಹೋಲಿಸಬೇಕು. ಆಮೇಲೆ ಸ್ತನಗಳನ್ನೂ ಸುತ್ತ ಸವರಿ ನೋಡಬೇಕು. ತೆಳ್ಳಗಿನವರಿಗೆ ಕಡಲೆಕಾಳಿನಷ್ಟು ಚಿಕ್ಕ, ಮೆತ್ತನೆಯ ಗ್ರಂಥಿ ಕೈಗೆ ಸಿಗುವುದು ಸಹಜ. ನಿಮ್ಮ ದೇಹದ ಸಹಜ ಸ್ಥಿತಿ ನಿಮಗೆ ತಿಳಿದಿದ್ದರೆ ಬದಲಾವಣೆ ಕೂಡಲೇ ಗೊತ್ತಾಗುತ್ತದೆ. ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ. ಒತ್ತಿ ಒತ್ತಿಯೇ ನೋವು ತಂದುಕೊಂಡವರಿದ್ದಾರೆ.

ಮೂವತ್ತು ದಾಟಿದ ಮಹಿಳೆಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದಾಗ 'ನಮಗೇನೂ ಇಲ್ಲ' ಎಂದು ಬಾಗಿಲು ಹಾಕಬೇಡಿ. ಬೆಂಗಳೂರಿನಲ್ಲಿ ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ನೆನಪಿನಲ್ಲಿ ಹೆಸರಿಟ್ಟ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ಬಿ.ಪಿ.ಎಲ್. ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಹಣವಿಲ್ಲವೆಂದು ಮನೆಯಲ್ಲಿ ಕೂರುವ ಮೊದಲು ಕಾರ್ಡ್ ಹಿಡಿದು ಹೋಗಿ ವಿಚಾರಿಸಿ.

ಸುಗಂಧ ದ್ರವ್ಯ ಸಿಂಪಡಿಸುವುದರಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಸಂದೇಶವನ್ನು ಮೊಬೈಲಿನಲ್ಲಿ ನೀವೂ ಓದಿರಬಹುದು. ಅದು ಸಾಬೀತಾಗಿಲ್ಲ. ಮ್ಯಾಮೋಗ್ರಾಮ್ ಮಾಡಿಸಲು ಹೋಗುವ ದಿನ ಮಾತ್ರ ಕಂಕುಳಿಗೆ ಪೌಡರ್, ಡಿಯೋಡ್ರೆಂಟ್ ಹಾಕಬೇಡಿ, ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಕಂಡು ಗೊಂದಲವಾಗುತ್ತದೆ.

ಸೂಜಿ ಮತ್ತು ವರದಿ

ವೈದ್ಯರು ಸ್ಕ್ಯಾನ್ ಮಾಡಿಸಿ, ಅಗತ್ಯ ಕಂಡರೆ ಸಣ್ಣ ಸೂಜಿಯಿಂದ ಗಂಟಿನ ಒಂದಿಷ್ಟು ಕಣಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದಕ್ಕೆ ಎಫ್.ಎನ್.ಎ.ಸಿ. ಎನ್ನುತ್ತಾರೆ. ರಕ್ತ ತೆಗೆಯುವಾಗಿನಷ್ಟೇ ನೋವು, ಅದೇ ದಿನ ಮನೆಗೆ ಬರಬಹುದು. 'ಸೂಜಿ ಚುಚ್ಚಿದರೆ ರೋಗ ಹರಡುತ್ತದೆ' ಎಂಬ ಮಾತು ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ರೋಗ ಹರಡಲು ಬಿಡುವುದು ಸೂಜಿಯಲ್ಲ, ಆ ಮಾತನ್ನು ನಂಬಿ ಕಳೆದ ತಿಂಗಳುಗಳು. ಅಪಸ್ಮಾರಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಸಂಧಿವಾತವಿದ್ದರೆ ಅದನ್ನೂ ಹೇಳಿ, ಅವುಗಳಿಂದಲೂ ಗ್ರಂಥಿ ಊದುವುದುಂಟು.

ಕ್ಯಾನ್ಸರ್ ಎಂದು ತಿಳಿದರೂ ಹಿಂದಿನಂತೆ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಲೇಬೇಕೆಂದಿಲ್ಲ. ಗ್ರಂಥಿಗಳಿಗೆ ರೋಗ ಮುಟ್ಟಿದ ಸೂಚನೆಯಿಲ್ಲದ ಆರಂಭದ ಹಂತದಲ್ಲಿ ಬಣ್ಣದ ಔಷಧ ಚುಚ್ಚಿ, ಅದು ಮೊದಲು ತಲಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಕ್ರಮ 1990ರ ದಶಕದಿಂದ ಬಂದಿದೆ. ಅವು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಬೇಗ ಹೋದವರಿಗೆ ಇದೊಂದು ದೊಡ್ಡ ಉಪಕಾರ. ಎಲ್ಲವನ್ನೂ ತೆಗೆದರೆ ದುಗ್ಧರಸಕ್ಕೆ ದಾರಿಯಿಲ್ಲದೆ ಕೆಲವರ ಕೈ ಊದಿಕೊಳ್ಳುತ್ತದೆ, ಬಳೆ ಏರುವುದಿಲ್ಲ, ಹಿಟ್ಟು ನಾದಲಾಗುವುದಿಲ್ಲ. ಅಂಥವರ ಕೈಗೆ ಸುಟ್ಟಗಾಯ, ಚಾಕು ಗಾಯ ಆಗದಂತೆ ಅಡುಗೆಮನೆಯಲ್ಲಿ ಉಳಿದವರು ನೆರವಾಗಬೇಕು.

ವರದಿ ಕೈಗೆ ಬಂದಾಗ ಅದರಲ್ಲಿರುವ ಪದಗಳನ್ನು ನೋಡಿ ಗಾಬರಿಯಾಗಬೇಡಿ. 'ರಿಯಾಕ್ಟಿವ್' ಎಂದಿದ್ದರೆ ಗ್ರಂಥಿ ಯಾವುದಕ್ಕೋ ಸ್ಪಂದಿಸಿ ಊದಿದೆ ಎಂದಷ್ಟೇ ಅರ್ಥ. 'ಗ್ರಾನುಲೊಮೇಟಸ್' ಎಂದಿದ್ದರೆ ನಮ್ಮ ದೇಶದಲ್ಲಿ ಹೆಚ್ಚಾಗಿ ಕ್ಷಯದ ಕಡೆಗೆ ಬೆರಳು. 'ಮೆಟಾಸ್ಟಾಟಿಕ್' ಎಂದಿದ್ದರೆ ಬೇರೆ ಕಡೆಯ ಕ್ಯಾನ್ಸರ್ ಗ್ರಂಥಿಗೆ ಬಂದಿದೆ ಎಂದು. ಯಾವುದಿದ್ದರೂ ಬರೆಸಿದ ವೈದ್ಯರಿಗೇ ಕೊಂಡೊಯ್ದು ತೋರಿಸಿ, ಔಷಧದಂಗಡಿಯವನಿಗಲ್ಲ. 'ರಿಯಾಕ್ಟಿವ್' ಎಂದು ಬಂದು, ಒಂದು ತಿಂಗಳಾದರೂ ಗಂಟು ಇಳಿಯದಿದ್ದರೆ ಅಥವಾ ಬೆಳೆಯುತ್ತಿದ್ದರೆ ಅದೇ ವರದಿಯನ್ನು ಹಿಡಿದು ಮತ್ತೊಮ್ಮೆ ಹೋಗಿ. ಸೂಜಿಗೆ ಸಿಗದ್ದು ಕೆಲವೊಮ್ಮೆ ಇಡೀ ಗಂಟನ್ನು ತೆಗೆದು ನೋಡಿದಾಗ ಸಿಗುತ್ತದೆ.